ತರಗತಿಯಲ್ಲಿ ಕೈಗೆಟುಕದ ಚಾರ್ಟು, ಪಟ, ಚಪ್ಪರ: ಬೀಳದೆ ಕೆಲಸ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ, ಅಂದರೆ ಆಡುತ್ತಾ ಕಲಿಯುವ ಬೋಧನಾ ಪದ್ಧತಿ, ಮುಂದೆ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಅದರೊಂದಿಗೆ ತರಗತಿಯ ಗೋಡೆಯೂ ಪಾಠದ ಭಾಗವಾಯಿತು. ಕಲಿಕಾ ಏಣಿ (ಕಲಿಕೆಯ ಹಂತಗಳನ್ನು ತೋರಿಸುವ ಚಾರ್ಟು), ಪ್ರಗತಿ ನೋಟ (ಯಾವ ಮಗು ಎಲ್ಲಿಗೆ ಬಂದಿದೆ ಎಂದು ತೋರಿಸುವ ಪಟ್ಟಿ), ಹವಾಮಾನ ನಕ್ಷೆ, ಮಕ್ಕಳ ಕೆಲಸ ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ, ಜೊತೆಗೆ ಮಹನೀಯರ ಪಟಗಳು, ಗಡಿಯಾರ, ಭೂಪಟ, ಹಬ್ಬದ ತೋರಣ ಎಲ್ಲವೂ ಅಲ್ಲಿವೆ. ಇವನ್ನೆಲ್ಲ ಕಟ್ಟಿ, ಬಿಚ್ಚಿ, ಒರೆಸುವವರು ಶಿಕ್ಷಕರೇ. ಮೇಲೆ ಹತ್ತದೆಯೇ ಮುಗಿಸಬಹುದಾದ ಕೆಲಸವನ್ನು ಹತ್ತಿ ಮಾಡುವುದು ಬೇಡ ಎಂಬುದೇ ಇಲ್ಲಿನ ಉತ್ತರಗಳ ತಳಹದಿ.

ಯಾವುದನ್ನು ಎಷ್ಟು ಎತ್ತರದಲ್ಲಿ ಹಾಕಬೇಕು?

ಎಷ್ಟು ದಿನಕ್ಕೊಮ್ಮೆ ಕೈ ಹಾಕುತ್ತೀರಿ ಎಂಬುದರ ಮೇಲೆ ತೀರ್ಮಾನಿಸಿ. ಹವಾಮಾನ ನಕ್ಷೆ, ಹಾಜರಿ ಪಟ್ಟಿ, ಪ್ರಗತಿ ನೋಟದಂಥ ದಿನಬಳಕೆಯವು ನೆಲದಿಂದ 2 ಅಡಿಗೂ ನಾಲ್ಕೂವರೆ ಅಡಿಗೂ ನಡುವೆ ಇರಲಿ. ಒಂದನೇ ತರಗತಿಯ ಮಗುವಿನ ಎತ್ತರ ಸುಮಾರು ಮೂರೂಮುಕ್ಕಾಲು ಅಡಿ, ಕಣ್ಣಿನ ಮಟ್ಟ ಮೂರೂವರೆ ಅಡಿ. ಏಳು ಅಡಿ ಎತ್ತರದಲ್ಲಿ ಅಂಟಿಸಿದ ಅಕ್ಷರಮಾಲೆ ಶಿಕ್ಷಕರಿಗೂ ತಾಪತ್ರಯ, ಮಗುವಿಗೂ ಕಾಣದು.

ತಿಂಗಳಿಗೊಮ್ಮೆ ಬದಲಿಸುವ ಚಾರ್ಟುಗಳು ನಾಲ್ಕೂವರೆಯಿಂದ 6 ಅಡಿಯೊಳಗೆ. 5 ಅಡಿ 2 ಅಂಗುಲ ಎತ್ತರದವರು ನೆಲದ ಮೇಲೆ ಪಾದ ಊರಿಯೇ ಕೈ ಎತ್ತಿದರೆ ಬೆರಳ ತುದಿ ಆರೂಕಾಲರಿಂದ ಆರೂವರೆ ಅಡಿಯವರೆಗೆ ಮುಟ್ಟುತ್ತದೆ. ಅಲ್ಲಿ ಪಿನ್ನು ಚುಚ್ಚಬಹುದು ಅಷ್ಟೆ, ಬಲ ಹಾಕುವ ಕೆಲಸ ಆಗುವುದಿಲ್ಲ. ಆರು ಅಡಿಗಿಂತ ಮೇಲೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಮುಟ್ಟುವಂಥದ್ದು ಇರಬೇಕು: ಪಟಗಳು, ಗಡಿಯಾರ, ಗೋಡೆಗೇ ಬರೆಸಿದ ಚಿತ್ರ.

ಒಂದು ವಾರ ಪರೀಕ್ಷೆ ಮಾಡಿ ನೋಡಿ. ಗೋಡೆಯ ಯಾವ ವಸ್ತುವಿಗಾಗಿ ಎಷ್ಟು ಸಲ ಏನನ್ನಾದರೂ ಹತ್ತಿದಿರಿ ಎಂದು ಸೀಮೆಸುಣ್ಣದಲ್ಲಿ ಅದರ ಕೆಳಗೇ ಗೀಟು ಹಾಕುತ್ತಾ ಹೋಗಿ. ಎರಡು ಗೀಟು ಬಿದ್ದದ್ದೆಲ್ಲ ಕೆಳಗಿಳಿಯಬೇಕು.

ಕುರ್ಚಿಯ ಮೇಲೋ ಡೆಸ್ಕಿನ ಮೇಲೋ ನಿಂತೇ ಇಷ್ಟು ವರ್ಷ ಮಾಡಿದ್ದೇವಲ್ಲ, ಏನು ತೊಂದರೆ?

ಕುರ್ಚಿ, ಬೆಂಚುಗಳು ಕೂತವರ ಭಾರ ಹೊರುವುದಕ್ಕೆ ಆದವು. ಕೂತಾಗ ಭಾರ ನಡುವೆ ಹರಡುತ್ತದೆ. ನಿಂತು ಒಂದು ಪಕ್ಕಕ್ಕೆ ಚಾಚಿದಾಗ ಭಾರವೆಲ್ಲ ಒಂದೇ ಅಂಚಿಗೆ ಬರುತ್ತದೆ. ಒಂದೊಂದು ಸಾಮಾನು ಒಂದೊಂದು ರೀತಿ ಕೈಕೊಡುತ್ತದೆ.

ಪ್ಲಾಸ್ಟಿಕ್ ಕುರ್ಚಿಯ ಕಾಲು ನುಣ್ಣನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಹೊರಗೆ ಅಗಲಿಕೊಳ್ಳುತ್ತದೆ. ಜಗಲಿಯ ಬಿಸಿಲಲ್ಲಿ ವರ್ಷಗಟ್ಟಲೆ ಇದ್ದ ಕುರ್ಚಿಯಂತೂ ಒಳಗೊಳಗೇ ಪೆಡಸಾಗಿರುತ್ತದೆ, ಬಾಗದೆ ಒಮ್ಮೆಲೇ ಚಟಕ್ಕನೆ ಮುರಿಯುತ್ತದೆ. ಉದ್ದ ಬೆಂಚಿನ ಹಲಗೆ ಕಾಲಿನಿಂದ ಆಚೆಗೆ ಒಂದು ಗೇಣು ಚಾಚಿಕೊಂಡಿರುತ್ತದಲ್ಲ, ಆ ತುದಿಯ ಮೇಲೆ ನಿಂತರೆ ಇನ್ನೊಂದು ತುದಿ ಎದ್ದು ಬೆಂಚು ಮಗುಚುತ್ತದೆ. ಬೆಂಚು ಮತ್ತು ಡೆಸ್ಕು ಒಂದೇ ಚೌಕಟ್ಟಿನಲ್ಲಿ ಕೂಡಿದ್ದರೆ ಹೊರ ಅಂಚಿನಲ್ಲಿ ನಿಂತಾಗಲೂ ಇದೇ ಕಥೆ. ಎಲ್ಲಕ್ಕಿಂತ ಕೆಟ್ಟದ್ದು ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತುವುದು. ಅಲ್ಲಿಂದ ಬೀಳುವವರ ತಲೆ ಮೊದಲು ಮೇಜಿನ ಅಂಚಿಗೆ, ಆಮೇಲೆ ನೆಲಕ್ಕೆ ಬಡಿಯಬಹುದು.

ಹತ್ತದೇ ಎತ್ತರದ ಚಾರ್ಟು ಹಾಕಿ ತೆಗೆಯುವುದು ಹೇಗೆ?

ಮಲೆನಾಡು, ಕರಾವಳಿಯವರಿಗೆ ದೋಟಿ ಗೊತ್ತು. ಹಣ್ಣು ಕೀಳುವ ಆ ಕೊಕ್ಕೆಕೋಲೇ ತರಗತಿಗೂ ಸಾಕು, ಕೊಕ್ಕೆ ಮಾತ್ರ ಬೇರೆ.

ಕೋಲು: ಒಂದರಿಂದ ಒಂದೂಕಾಲು ಅಂಗುಲ ದಪ್ಪದ ಒಣಬಿದಿರು, 5 ಅಡಿ ಉದ್ದ. ಗಿಣ್ಣುಗಳನ್ನು ಮರಳು ಕಾಗದದಲ್ಲಿ ತಿಕ್ಕಿ ನುಣುಪು ಮಾಡಿ. ವೈರಿಂಗಿಗೆ ಬಳಸುವ ತೆಳು ಪಿವಿಸಿ ಪೈಪು ಬೇಡ, ತುದಿಯಲ್ಲಿ ಭಾರ ಬಿದ್ದೊಡನೆ ಬಾಗಿ ತೂಗಾಡುತ್ತದೆ. 5 ಅಡಿ ಕೋಲನ್ನು ಹಣೆಯ ಮಟ್ಟದಲ್ಲಿ ಹಿಡಿದರೆ ತುದಿ ಸುಮಾರು 10 ಅಡಿ ಮುಟ್ಟುತ್ತದೆ. ಅದಕ್ಕಿಂತ ಉದ್ದವಾದರೆ ತುದಿ ನಿಯಂತ್ರಣಕ್ಕೆ ಸಿಗದು.

ಕೊಕ್ಕೆ: 4 ಮಿಲಿಮೀಟರ್ ದಪ್ಪದ ಕಬ್ಬಿಣದ ತಂತಿಯನ್ನು ಇಂಗ್ಲಿಷ್ ಯು ಅಕ್ಷರದಂತೆ ಮೇಲ್ಮುಖವಾಗಿ ಬಗ್ಗಿಸಿ. ಬಾಯಿ ಒಂದೂವರೆ ಅಂಗುಲ ಅಗಲ. ಬುಡವನ್ನು ಬಿದಿರಿನೊಳಗೆ 3 ಅಂಗುಲ ತೂರಿಸಿ, ಹೊರಗಿಂದ ಬೈಂಡಿಂಗ್ ತಂತಿ ಬಿಗಿದು ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ. ತಂತಿಯ ತುದಿಗಳನ್ನು ಹಿಂದಕ್ಕೆ ಮಡಚಲು ಮರೆಯಬೇಡಿ, ಇಲ್ಲದಿದ್ದರೆ ಕಣ್ಣಿಗೆ ಅಪಾಯ.

ಚಾರ್ಟು: ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಚಾರ್ಟ್ ಹಾಳೆ 22 ಅಂಗುಲಕ್ಕೆ 28 ಅಂಗುಲ. ಮೇಲಂಚಿಗೂ ಕೆಳಅಂಚಿಗೂ ತೆಳು ಮರದ ಪಟ್ಟಿ ಅಥವಾ ಸೀಳಿದ ಬಿದಿರು ಅಂಟಿಸಿ. ಮೇಲಿನ ಪಟ್ಟಿಯ ಎರಡು ತುದಿಗೆ ದಾರ ಕಟ್ಟಿ, ನಡುವೆ ಗಟ್ಟಿ ತಂತಿಯ 2 ಅಂಗುಲದ ಬಳೆ ಸೇರಿಸಿ. ಎಡವುವುದು ಇಲ್ಲೇ. ಬಳೆ ಹಾಕದೆ ಬರೀ ದಾರದ ಕುಣಿಕೆ ಬಿಟ್ಟರೆ ಅದು ಮುದುಡಿಕೊಂಡು ಮೊಳೆಗೆ ಸಿಗುವುದೇ ಇಲ್ಲ. ಹತ್ತು ಸಲ ಪ್ರಯತ್ನಿಸಿ ಬೇಸತ್ತು ಕೊನೆಗೆ ಕುರ್ಚಿ ಎಳೆದುಕೊಳ್ಳುತ್ತಾರೆ.

ಗೋಡೆಗೆ ಹಾಕುವ ಎಲ್ ಆಕಾರದ ಕೊಕ್ಕೆ ಒಂದೂವರೆ ಅಂಗುಲ ಹೊರಗೆ ಚಾಚಿರಲಿ, ತುದಿ ಮೇಲ್ಮುಖವಾಗಿರಲಿ. ಕೋಲಿನ ಯು ಬಾಯಲ್ಲಿ ಬಳೆಯನ್ನು ಕೂರಿಸಿ ಎತ್ತಿ, ಗೋಡೆಯ ಕೊಕ್ಕೆಯ ಮೇಲೆ ದಾಟಿಸಿ, ಕೋಲನ್ನು ಕೆಳಗೆ ಸರಿಸಿ. ಚಾರ್ಟಿನ ನೇರ ಕೆಳಗೆ ನಿಲ್ಲದೆ ಒಂದು ಹೆಜ್ಜೆ ಹಿಂದೆ ನಿಂತು ಮಾಡಿ, ಜಾರಿದರೆ ಮುಖದ ಮೇಲೆ ಬೀಳದು. ದೋಟಿಯಲ್ಲಿ ಅರ್ಧ ಕಿಲೋಗಿಂತ ಭಾರದ್ದನ್ನು ಎತ್ತಬೇಡಿ. ಗಾಜಿನ ಚೌಕಟ್ಟಿನ ಪಟವನ್ನಂತೂ ಬೇಡವೇ ಬೇಡ.

ನಲಿ-ಕಲಿ ಚಪ್ಪರಕ್ಕೆ ಮಕ್ಕಳ ಕೆಲಸ ತೂಗುಹಾಕಲು ಪ್ರತಿ ಸಲ ಮೇಲೆ ಹತ್ತಬೇಕೆ?

ಬೇಕಿಲ್ಲ. ದಾರವನ್ನು ಎರಡೂ ಕಡೆ ಬಿಗಿಯಾಗಿ ಕಟ್ಟಿಬಿಡುವುದರಿಂದ ಈ ಪಾಡು. ಧ್ವಜಸ್ತಂಭದ ಹಗ್ಗವನ್ನು ನಾವು ಬುಡದಲ್ಲಿ ನಿಂತೇ ಆಡಿಸುತ್ತೇವಲ್ಲವೇ? ಚಪ್ಪರದ ಪ್ರತಿ ದಾರಕ್ಕೂ ಅದೇ ಉಪಾಯ ಸಲ್ಲುತ್ತದೆ.

ಒಂದು ಗೋಡೆಯಲ್ಲಿ 8 ಅಡಿ ಎತ್ತರದಲ್ಲಿ ಕೊಕ್ಕೆ ಹಾಕಿ ದಾರದ ಒಂದು ತುದಿ ಗಂಟು ಹಾಕಿ. ಎದುರು ಗೋಡೆಯಲ್ಲಿ ಅದೇ ಎತ್ತರಕ್ಕೆ ಕಣ್ಣುಳ್ಳ ಸ್ಕ್ರೂ ಅಥವಾ ಪುಟ್ಟ ರಾಟೆ ಹಾಕಿ. ದಾರ ಅದರೊಳಗೆ ತೂರಿ ಗೋಡೆಗುಂಟ ಕೆಳಗಿಳಿದು, 5 ಅಡಿ ಎತ್ತರದಲ್ಲಿ ಒಂದರ ಕೆಳಗೊಂದು ಬಡಿದ ಎರಡು ಕೊಕ್ಕೆಗೆ ಎಂಟರ ಆಕಾರದಲ್ಲಿ ಸುತ್ತಿಕೊಳ್ಳಲಿ. ದಾರ 3 ಮಿಲಿಮೀಟರ್ ನೈಲಾನ್. ಕೋಣೆ 20 ಅಡಿ ಅಗಲವಾದರೆ ಪ್ರತಿ ಸಾಲಿಗೆ 27 ಅಡಿ ಕತ್ತರಿಸಿ: ಅಡ್ಡಕ್ಕೆ 20, ಇಳಿಯಲು 3, ಸಡಿಲಿಸಲು 2, ಗಂಟು ಮತ್ತು ಸುತ್ತಿಗೆ 2.

ಬರೀ 2 ಅಡಿ ಸಾಕೇ ಎಂದು ಅನೇಕರು ಅನುಮಾನಿಸುತ್ತಾರೆ. ಸಾಕು. 20 ಅಡಿ ಅಗಲದ ದಾರವನ್ನು 2 ಅಡಿ ಸಡಿಲಿಸಿ ನಡುವೆ ಹಿಡಿದೆಳೆದರೆ ಅದು ನಾಲ್ಕೂವರೆ ಅಡಿ ಕೆಳಗಿಳಿಯುತ್ತದೆ. ಗೋಡೆಯಿಂದ 2 ಅಡಿ ದೂರದಲ್ಲಿ ಎಳೆದರೂ ಸುಮಾರು 3 ಅಡಿ ಬರುತ್ತದೆ. ಅಂದರೆ 8 ಅಡಿಯ ದಾರ ನಡುವೆ ಮೂರೂವರೆ ಅಡಿಗೆ ಇಳಿಯಿತು. ಮಗು ತನ್ನ ಚಿತ್ರವನ್ನು ತಾನೇ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಬಹುದು. ಆ ಸಂತೋಷಕ್ಕಾದರೂ ಈ ವ್ಯವಸ್ಥೆ ಮಾಡಿಕೊಳ್ಳಬೇಕು.

ಕ್ಲಿಪ್ಪುಗಳು ತಗ್ಗಿನ ಕಡೆಗೆ ಜಾರಿ ಗುಂಪಾಗುತ್ತವೆ. ದಾರಕ್ಕೆ ಒಂದೊಂದು ಅಡಿಗೆ ಒಂದು ಗಂಟು ಹಾಕಿದರೆ ನಿಲ್ಲುತ್ತವೆ. ಹಾಗೆ ಮಾಡುವುದಾದರೆ ಮೊದಲೇ ಒಂದೆರಡು ಅಡಿ ದಾರ ಹೆಚ್ಚು ತೆಗೆದುಕೊಳ್ಳಿ, ಗಂಟು ದಾರ ನುಂಗುತ್ತದೆ. ರಾಟೆಯ ಹತ್ತಿರದ ಕೊನೆಯ 3 ಅಡಿಯಲ್ಲಿ ಗಂಟು ಬೇಡ, ಸ್ಕ್ರೂವಿನ ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೈಂಡಿಂಗ್ ತಂತಿಯಲ್ಲಿ ಚಪ್ಪರ ಕಟ್ಟುವ ರೂಢಿ ಕೆಲವೆಡೆ ಇದೆ, ದಯವಿಟ್ಟು ಬಿಡಿ. ತುಂಡಾದ ತಂತಿ ಕಣ್ಣಿಗೆ ತಗಲುತ್ತದೆ, ಸಿಪ್ಪೆ ಹೋದ ವೈರಿಗೆ ತಾಗಿದರೆ ಇಡೀ ಚಪ್ಪರದಲ್ಲಿ ಕರೆಂಟು ಹರಿಯುತ್ತದೆ.

ಫ್ಯಾನ್ ಇರುವ ಕೋಣೆಯಲ್ಲಿ?

ಸಾಮಾನ್ಯ ಸೀಲಿಂಗ್ ಫ್ಯಾನಿನ ರೆಕ್ಕೆ ಸುತ್ತುವ ವೃತ್ತ 1,200 ಮಿಲಿಮೀಟರ್, ಅಂದರೆ ರಾಡಿನಿಂದ ರೆಕ್ಕೆಯ ತುದಿಗೆ 2 ಅಡಿ. ತೂಗುವ ಕಾಗದ ಗಾಳಿಗೆ ಹಾರಾಡುವುದರಿಂದ ಇನ್ನೂ 2 ಅಡಿ ಬಿಡಿ. ರಾಡಿನ ನೇರ ಕೆಳಗಿನ ಜಾಗಕ್ಕೆ ನೆಲದ ಮೇಲೆ ಗುರುತು ಹಾಕಿ, ಸುತ್ತ 4 ಅಡಿಯೊಳಗೆ ದಾರ ಹಾಯದಂತೆ ಸಾಲುಗಳನ್ನು ಕಟ್ಟಿ. ಏಣಿ ಹಾಕುವಾಗ ಸ್ವಿಚ್ ಆರಿಸಿ, ರೆಕ್ಕೆ ಪೂರ್ತಿ ನಿಂತ ಮೇಲೆ ಹತ್ತಿ, ಸ್ವಿಚ್ಚಿನ ಮೇಲೆ ‘ಮುಟ್ಟಬೇಡಿ’ ಚೀಟಿ ಅಂಟಿಸಿ. ಸೆಕೆಯಾಯಿತೆಂದು ಒಳಬಂದವರು ಮೊದಲು ಒತ್ತುವುದೇ ಅದನ್ನು.

ಗಾಂಧಿ ಜಯಂತಿ, ಅಂಬೇಡ್ಕರ್ ಜಯಂತಿಗೆ ಎತ್ತರದ ಪಟಗಳಿಗೆ ಹಾರ ಹಾಕುವುದು ಹೇಗೆ?

ಅಕ್ಟೋಬರ್ 2, ನವೆಂಬರ್ 1, ಜನವರಿ 26, ಏಪ್ರಿಲ್ 14. ಈ ದಿನಗಳ ಬೆಳಿಗ್ಗೆ ಗಡಿಬಿಡಿ, ಹಾರ ತಡವಾಗಿ ಬಂದಿರುತ್ತದೆ, ಅತಿಥಿಗಳು ಬಾಗಿಲಲ್ಲಿ. ಎತ್ತರದ ಹುಡುಗನೊಬ್ಬನನ್ನು ಮೇಜು ಹತ್ತಿಸುವ ಹೊತ್ತು ಅದು. ಪೂಜೆಗೆ, ಹಾರಕ್ಕೆ ಒಂದು ಸಣ್ಣ ಪಟವನ್ನು ಮೇಜಿನ ಮೇಲೆ ಇಡುವುದು ಎಲ್ಲಕ್ಕಿಂತ ಒಳ್ಳೆಯದು, ಹಿಂದಿನ ಸಾಲಿನ ಮಕ್ಕಳಿಗೂ ಕಾಣುತ್ತದೆ. ಗೋಡೆಯ ಪಟಕ್ಕೇ ಹಾಕಬೇಕೆಂದಿದ್ದರೆ ಚೌಕಟ್ಟಿನ ಎರಡು ಮೇಲ್ಮೂಲೆಗೆ ಶಾಶ್ವತವಾಗಿ ಎರಡು ಕೊಕ್ಕೆ ಕೂರಿಸಿ, ಹಾರದ ಎರಡು ತುದಿಗೂ ತಂತಿಬಳೆ ಕಟ್ಟಿ, ದೋಟಿಯಲ್ಲಿ ಒಂದಾದ ಮೇಲೊಂದು ಸಿಕ್ಕಿಸಿ. ನೀರು ಚಿಮುಕಿಸಿದ ಹೂವಿನ ಹಾರ ತೂಕ ಹೆಚ್ಚು, ಒದರಿ ಎತ್ತಿ. ಬಾಡಿದ ಹಾರ ಅದೇ ದಿನ ಸಂಜೆ ಇಳಿಯಲಿ.

ಪಟದ ಹಿಂದಿನ ದಾರವನ್ನು ವರ್ಷಕ್ಕೊಮ್ಮೆ ನೋಡಲೇಬೇಕು. ಸೆಣಬಿನ ಹುರಿಯನ್ನು ಇಲಿ ಕಡಿಯುತ್ತದೆ, ಮಳೆಗಾಲದ ತೇವಕ್ಕೆ ಕೊಳೆಯುತ್ತದೆ. ಎರಡೆಳೆ ತಾಮ್ರದ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಹಾಕಿಸಿ.

ಏಣಿ ಬೇಕೇ ಬೇಕು. ಎಂಥದ್ದು ಕೊಳ್ಳಬೇಕು?

ಮಡಚುವ, ಎ ಆಕಾರದ, ನಾಲ್ಕು ಮೆಟ್ಟಿಲಿನ, ತುದಿಯಲ್ಲಿ ಅಗಲ ಹಲಗೆ ಮತ್ತು ಮೊಣಕಾಲಿಗಿಂತ ಮೇಲೆ ಬರುವ ಹಿಡಿಕೆ ಇರುವ ಏಣಿ. ಹೊರುವ ಭಾರ 150 ಕಿಲೋ ಎಂದು ಅದರ ಮೇಲೆ ಅಚ್ಚಾಗಿರಲಿ. ಮೆಟ್ಟಿಲು ಚಪ್ಪಟೆಯಾಗಿ ಗೀರುಗಳಿಂದ ಕೂಡಿರಲಿ. ದುಂಡು ಸರಳಿನ ಏಣಿಯಲ್ಲಿ ಹೆಚ್ಚು ಹೊತ್ತು ನಿಂತರೆ ಅಂಗಾಲು ನೋಯುತ್ತದೆ, ಕಾಲು ಬದಲಿಸುವಾಗ ಜಾರುತ್ತದೆ.

ಶಾಲೆಯಲ್ಲಿರುವ ಹಳೆಯ ಬಿದಿರಿನ ಏಣಿಯನ್ನು ನೆಲದಲ್ಲಿ ಮಲಗಿಸಿ ಪರೀಕ್ಷಿಸಿ: ಹುಳು ಕೊರೆದ ಪುಡಿ ಉದುರುತ್ತದೆಯೇ, ಗಿಣ್ಣಿನ ಬಳಿ ಸೀಳಿದೆಯೇ, ಮೆಟ್ಟಿಲು ಕೈಯಲ್ಲಿ ತಿರುಗಿಸಿದರೆ ಅಲುಗುತ್ತದೆಯೇ? ಒಂದಕ್ಕೆ ಹೌದು ಎಂದಾದರೂ ಸೌದೆಗೆ ಕೊಡಿ. ಬಿದಿರು, ಮರದ ಏಣಿಗೆ ಬಣ್ಣ ಬಳಿಯಬೇಡಿ, ಬಿರುಕು ಮುಚ್ಚಿಹೋಗುತ್ತದೆ.

ಗೋಡೆಗೆ ಒರಗಿಸುವ ಏಣಿಯಾದರೆ ಲೆಕ್ಕ ಹೀಗೆ: ತುದಿ 8 ಅಡಿ ಎತ್ತರದಲ್ಲಿ ಒರಗಿದ್ದರೆ ಬುಡ ಗೋಡೆಯಿಂದ 2 ಅಡಿ ದೂರ, ನಾಲ್ಕಕ್ಕೆ ಒಂದು. ಇದಕ್ಕಿಂತ ಹತ್ತಿರ ಇಟ್ಟರೆ ಹಿಂದಕ್ಕೆ ಮಗುಚುತ್ತದೆ, ದೂರ ಇಟ್ಟರೆ ಬುಡ ಜಾರುತ್ತದೆ. ಚಾರ್ಟಿನ ಮೇಲೋ ಕಿಟಕಿ ಗಾಜಿನ ಮೇಲೋ ಒರಗಿಸಬೇಡಿ.

ಹತ್ತುವಾಗ ಏನೇನು ನೋಡಿಕೊಳ್ಳಬೇಕು?

ನೆಲ ಒಣಗಿರಬೇಕು. ಬೆಳಿಗ್ಗೆ ಒರೆಸಿದ ಕಡಪ ಕಲ್ಲಿನ ನೆಲ ಕಣ್ಣಿಗೆ ಒಣಗಿದಂತೆ ಕಂಡರೂ ಏಣಿಯ ಕಾಲಿಗೆ ಹಾಕಿದ ರಬ್ಬರ್ ಬುಷ್ ಜಾರುತ್ತದೆ. ನಾಲ್ಕೂ ಕಾಲಿನ ಬುಷ್ ಇದೆಯೇ, ನಡುವಿನ ಪಟ್ಟಿ ಪೂರ್ತಿ ನೆಟ್ಟಗಾಗಿ ಲಾಕ್ ಆಗಿದೆಯೇ ನೋಡಿ. ಅರ್ಧ ಬಿಚ್ಚಿದ ಏಣಿಯನ್ನು ಗೋಡೆಗೆ ಒರಗಿಸಿ ಹತ್ತುವ ಅಭ್ಯಾಸ ಅನೇಕರಿಗಿದೆ. ಆ ಕಾಲುಗಳ ಕೋನ ಅದಕ್ಕೆ ಹೊಂದುವುದಿಲ್ಲ, ಬುಡ ಜಾರಿಯೇ ಜಾರುತ್ತದೆ.

ಮೆಟ್ಟಿಲ ಕಡೆಗೆ ಮುಖ ಮಾಡಿ ಹತ್ತಿ, ಹಾಗೇ ಇಳಿಯಿರಿ. ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಯಾವಾಗಲೂ ಮೂರು ಏಣಿಗೆ ತಾಗಿರಲಿ. ಹಾಗಾದರೆ ಸುತ್ತಿಗೆ, ಪಿನ್ನಿನ ಡಬ್ಬಿ ಎಲ್ಲಿ? ಬಟ್ಟೆಯ ಚೀಲವೊಂದನ್ನು ಹೆಗಲಿಂದ ಅಡ್ಡ ಹಾಕಿಕೊಳ್ಳಿ, ಅಥವಾ ಕೆಳಗಿದ್ದವರು ಎತ್ತಿ ಕೊಡಲಿ.

ಹೊಕ್ಕುಳು ಏಣಿಯ ಎರಡು ಪಕ್ಕದ ಕಂಬಗಳ ನಡುವೆಯೇ ಇರಬೇಕು, ಇದು ನೆನಪಿಡಲು ಸುಲಭವಾದ ಅಳತೆ. ಹೊಕ್ಕುಳು ಕಂಬ ದಾಟುವಷ್ಟು ಚಾಚಬೇಕಾಯಿತೆಂದರೆ ಇಳಿದು ಏಣಿಯನ್ನೇ ಸರಿಸಿ. ‘ಇನ್ನೊಂದು ಪಿನ್ನು ಅಷ್ಟೇ’ ಎಂದು ಚಾಚಿದಾಗಲೇ ಏಣಿ ವಾಲುವುದು. ಹಿಡಿಕೆಯಿಲ್ಲದ ಏಣಿಯಲ್ಲಿ ಮೇಲಿನ ಎರಡು ಮೆಟ್ಟಿಲ ಮೇಲೆ ನಿಲ್ಲಬಾರದು. ತಲೆ ಎತ್ತಿ ಕೆಲಸ ಮಾಡುವಾಗ ಕೆಲವರಿಗೆ ತಲೆ ಸುತ್ತುತ್ತದೆ, ಐದು ನಿಮಿಷಕ್ಕೊಮ್ಮೆ ಕೆಳಗಿಳಿಯಿರಿ.

ಸೀರೆ ಉಟ್ಟು ಏಣಿ ಹತ್ತಬಹುದೇ?

ನೆರಿಗೆಯ ಅಂಚು ಮೆಟ್ಟಿಲಿಗೆ ಸಿಕ್ಕುವುದು, ಇಳಿಯುವಾಗ ತಾನೇ ತುಳಿಯುವುದು, ಸೆರಗು ಕೊಕ್ಕೆಗೆ ತಗುಲುವುದು ಎಲ್ಲ ನಿಜವಾದ ಅಪಾಯ. ಏಣಿಯ ಕೆಲಸಕ್ಕೆ ಬೇರೆ ದಿನ ಗೊತ್ತುಮಾಡಿ ಚೂಡಿದಾರದಲ್ಲಿ ಬಂದರೆ ಉತ್ತಮ. ದುಪಟ್ಟಾ ತೆಗೆದಿಡಿ. ಸೀರೆಯಲ್ಲೇ ಹತ್ತಬೇಕಾದರೆ ನೆರಿಗೆ ಕಣಕಾಲಿನ ಮೇಲೆ ಬರುವಂತೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸೆರಗು ಬಿಗಿದು ಕಟ್ಟಿ, ಎರಡನೇ ಮೆಟ್ಟಿಲಿಗಿಂತ ಮೇಲೆ ಬೇಡ. ಹವಾಯಿ ಚಪ್ಪಲಿ, ಎತ್ತರ ಹಿಮ್ಮಡಿಯ ಚಪ್ಪಲಿ ಕಳಚಿಡಿ. ಬಸುರಿಯರು, ಮಂಡಿನೋವು ಅಥವಾ ತಲೆಸುತ್ತು ಇರುವವರು ಹತ್ತಲೇಬಾರದು, ಅದಕ್ಕೆ ಯಾರಿಗೂ ವಿವರಣೆ ಕೊಡಬೇಕಾಗಿಯೂ ಇಲ್ಲ.

ಮಕ್ಕಳು ಸಹಾಯ ಮಾಡಬಹುದೇ?

ಹತ್ತುವಂತಿಲ್ಲ, ಏಣಿ ಹಿಡಿಯುವಂತಿಲ್ಲ. ಬಿದ್ದವರ ಭಾರ ಮಗುವಿನ ಮೇಲೆಯೇ ಬರುತ್ತದೆ. ನೆಲದಲ್ಲಿ ಕೂತು ಬಳೆ ಕಟ್ಟುವುದು, ಪಟ್ಟಿ ಅಂಟಿಸುವುದು, ಇಳಿಸಿದ ದಾರಕ್ಕೆ ಕ್ಲಿಪ್ ಹಾಕುವುದು ಅವರ ಕೆಲಸ.

ಏಕೋಪಾಧ್ಯಾಯ ಶಾಲೆ. ಒಬ್ಬರೇ ಇದ್ದಾಗ?

ಏಣಿ ಮುಟ್ಟಬೇಡಿ. ಏಣಿ ಬೇಕಾದ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದಿಡುತ್ತಾ ಹೋಗಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ದಿನ ಸದಸ್ಯರೊಬ್ಬರನ್ನು ನಿಲ್ಲಿಸಿಕೊಂಡು, ಮಕ್ಕಳು ಮನೆಗೆ ಹೋದ ಮೇಲೆ, ಎಲ್ಲವನ್ನೂ ಒಟ್ಟಿಗೆ ಮುಗಿಸಿ. ಏಣಿ, ರಾಟೆ, ಕೊಕ್ಕೆಗಳ ಖರ್ಚನ್ನು ಅದೇ ಸಭೆಯಲ್ಲಿ ನಡಾವಳಿಗೆ ಬರೆಸಿ ಶಾಲಾ ಅನುದಾನದಿಂದ ಕೊಳ್ಳುವ ಬಗ್ಗೆ ತೀರ್ಮಾನಿಸಿ.

ಬೀರುವಿನ ಮೇಲಿನ, ಮಹಡಿ ಮೆಟ್ಟಿಲ ಮೇಲಿನ ಗೋಡೆಯಲ್ಲಿ ಏನು ಮಾಡುವುದು?

ಬೀರುವಿನ ಮೇಲಿನ ಗೋಡೆಯನ್ನು ಖಾಲಿ ಬಿಡಿ. ಅದನ್ನು ತಲುಪಲು ಜನ ಬೀರುವಿನ ಅರೆಗಳಿಗೇ ಕಾಲಿಡುತ್ತಾರೆ, ಬಾಗಿಲು ತೆರೆದ ಬೀರು ಮುಂದಕ್ಕೆ ಮಗುಚುತ್ತದೆ. ಹೇಗಿದ್ದರೂ ಬೀರುವಿನ ಮೇಲಂಚನ್ನು ಎರಡು ಎಲ್ ಕ್ಲಾಂಪಿನಿಂದ ಗೋಡೆಗೆ ಬಿಗಿಸಿಡಿ. ಮೆಟ್ಟಿಲ ಮೇಲೆ ಮಡಚುವ ಏಣಿ ಇಡಲೇಬಾರದು. ಅಲ್ಲಿಗೆ ಪೇಂಟರ್ ಕರೆಸಿ ಗೋಡೆಗೇ ಬರೆಸಿ, ಮತ್ತೆ ಮುಟ್ಟುವ ಮಾತೇ ಇಲ್ಲ.

ಟೇಪ್ ಹಚ್ಚಿದ ಚಾರ್ಟು ವಾರಕ್ಕೇ ಬೀಳುತ್ತದೆ. ಪದೇ ಪದೇ ಹತ್ತುವುದಕ್ಕೆ ಕಾರಣವೇ ಇದು.

ಸುಣ್ಣ ಬಳಿದ ಗೋಡೆಯ ಮೇಲ್ಪದರ ಪುಡಿ. ಟೇಪ್ ಪುಡಿಗೆ ಅಂಟುತ್ತದೆ, ಗೋಡೆಗಲ್ಲ. ಮಳೆಗಾಲದ ತೇವದಲ್ಲಿ ಅದೂ ಬಿಡುತ್ತದೆ. ಮೈದಾ ಅಂಟಿಗೆ ಜಿರಳೆ, ಇಲಿ ಬರುತ್ತವೆ. ಒಂದು ರಜಾದಿನ ಗೋಡೆಯುದ್ದಕ್ಕೂ 6 ಅಡಿ ಎತ್ತರದಲ್ಲಿ 2 ಅಂಗುಲ ಅಗಲದ ಮರದ ಪಟ್ಟಿ ಹೊಡೆಸಿ, 2 ಅಡಿಗೊಂದು ಕೊಕ್ಕೆ ಹಾಕಿಸಿಬಿಟ್ಟರೆ ಟೇಪಿನ ಸಹವಾಸ ಮುಗಿಯಿತು.

ಇಟ್ಟಿಗೆ, ಕಾಂಕ್ರೀಟ್ ಗೋಡೆಗೆ 6 ಮಿಲಿಮೀಟರ್ ಬಿಟ್‌ನಲ್ಲಿ ತೂತು, ಅದೇ ಅಳತೆಯ ಗಿಟ್ಟಿ (ತೂತಿನೊಳಗೆ ಸ್ಕ್ರೂ ಹಿಡಿದಿಡುವ ಬೆಣೆ), ಆಮೇಲೆ ಸ್ಕ್ರೂ. ಸೈಜುಗಲ್ಲಿನ ಗೋಡೆಯಲ್ಲಿ ಕಲ್ಲುಗಳ ನಡುವಿನ ಗಾರೆಗೆ ಹೊಡೆದರೆ ಸಡಿಲವಾಗುತ್ತದೆ, ಕಲ್ಲಿಗೇ ಕೊರೆಸಿ. ಮಣ್ಣಿನ ಗೋಡೆ ಗಿಟ್ಟಿ ಹಿಡಿಯದು. ಅಲ್ಲಿ ಹಂಚಿನ ಮಾಡಿನ ಜಂತಿಯಿಂದ ದಾರ ಇಳಿಬಿಟ್ಟು ಪಟ್ಟಿ ತೂಗುಹಾಕಿ. ಸ್ವಿಚ್ ಬೋರ್ಡಿನ ನೇರ ಮೇಲೆ ಗೋಡೆಯೊಳಗೆ ವೈರು ಹೋಗಿರುತ್ತದೆ. ಬೋರ್ಡಿನ ಅಗಲದ ಎರಡೂ ಬದಿಗೆ ಇನ್ನೂ ಅರ್ಧ ಅಡಿ ಬಿಟ್ಟು ಕೊರೆಯಿರಿ.

ಯಾರಾದರೂ ಬಿದ್ದರೆ?

ಎಬ್ಬಿಸಿ ಕೂರಿಸಲು ಹೋಗಬೇಡಿ. ತಲೆ, ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದಾದರೆ ಇದ್ದಂತೆಯೇ ಇರಲಿ, 108ಕ್ಕೆ ಕರೆ ಮಾಡಿ. ವಾಂತಿ, ಮಂಪರು, ಕಿವಿ ಮೂಗಲ್ಲಿ ರಕ್ತ, ಕೈಕಾಲು ಜೋಮು ಕಂಡರೆ ಕರೆ ಮಾಡಿದಾಗಲೇ ಹೇಳಿ. ಎದ್ದು ನಡೆದಾಡಿ ‘ಏನೂ ಆಗಿಲ್ಲ’ ಎಂದರೂ ತಲೆಗೆ ಪೆಟ್ಟು ಬಿದ್ದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ, ಆ ರಾತ್ರಿ ಮನೆಯಲ್ಲಿ ಒಬ್ಬರು ಜೊತೆಗಿರಲಿ.

ಏಣಿ, ದೋಟಿ ಎಲ್ಲಿಡಬೇಕು?

ತರಗತಿಯ ಮೂಲೆಯಲ್ಲಿ ನಿಲ್ಲಿಸಿದ ಏಣಿಯನ್ನು ಮಕ್ಕಳು ಹತ್ತದೇ ಬಿಡುವುದಿಲ್ಲ. ಕಚೇರಿ ಕೋಣೆಯಲ್ಲಿ ಅಡ್ಡ ಮಲಗಿಸಿ, ಕಿಟಕಿ ಸರಳಿಗೆ ಚಿಕ್ಕ ಸರಪಳಿ ಹಾಕಿ ಬೀಗ ಹಾಕಿ. ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿರಲಿ. ದೋಟಿಯನ್ನು ಎರಡು ಮೊಳೆಯ ಮೇಲೆ 6 ಅಡಿ ಎತ್ತರದಲ್ಲಿ ಅಡ್ಡಡ್ಡ ಇಡಿ. ನೆಲಕ್ಕೆ ಊರಿ ಒರಗಿಸಿದರೆ ಜಾರಿ ಬೀಳುವಾಗ ಅದರ ಕೊಕ್ಕೆ ಬರುವುದು ಮಕ್ಕಳ ಮುಖದ ಮಟ್ಟಕ್ಕೆ.